ಒಂದೇ ನೀರು, ಮೂರು ಲೆಕ್ಕ: ಗಜನಿ ಕೆರೆಯ ಉಪ್ಪಿನಂಶ ನಿಜಕ್ಕೂ ಎಷ್ಟು?

ಪ್ರಶ್ನೆ: ಕುಮಟಾ ಹತ್ತಿರ, ಅಘನಾಶಿನಿ ನದಿ ಪಕ್ಕದ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಸಿಗಡಿ ಕೆರೆ ಮಾಡಿದ್ದೇನೆ. ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ 18 ಪಿಪಿಟಿ (ಸಾವಿರ ಭಾಗ ನೀರಿನಲ್ಲಿ ಉಪ್ಪಿನ ಭಾಗ) ಅನ್ನುತ್ತದೆ. ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅಂತ ಅಳೆಯುವ ಪೆನ್ ಮೀಟರ್‌ನಲ್ಲಿ 29 ಮಿಲಿಸೀಮೆನ್ಸ್ (ವಿದ್ಯುತ್ ವಾಹಕತೆಯ ಅಳತೆ) ಬರುತ್ತದೆ, ಅದೇ ಪೆನ್ನಿನ ಬಟನ್ ಒತ್ತಿದರೆ 14.5 ಪಿಪಿಟಿ. ಮರಿ ಬಿಡೋ ಸಮಯ ಹತ್ತಿರ ಬಂತು, ಯಾವುದನ್ನು ನಂಬಲಿ?

ಉತ್ತರ 1: 18 ಸರಿ, 29 ಕೂಡ ಸರಿ ಮಾರಾಯ್ರೇ. 25 ಡಿಗ್ರಿಗೆ ಸರಿಹೊಂದಿಸಿದ 29 ಮಿಲಿಸೀಮೆನ್ಸ್ ಅಂದರೆ ಸುಮಾರು 18 ಪಿಪಿಟಿ. ತಪ್ಪಿರೋದು 14.5. ಪೆನ್ ಸುಮ್ನೆ 0.5ರಿಂದ ಗುಣಿಸಿದೆ, ಅದು ಸಮುದ್ರದ ನೀರಿಗೆ ಹೊಂದಲ್ಲ. 35 ಪಿಪಿಟಿ ಸಮುದ್ರದ ನೀರು 25 ಡಿಗ್ರಿಯಲ್ಲಿ ಸುಮಾರು 53 ತೋರಿಸುತ್ತದೆ, ಅದನ್ನು ಅರ್ಧ ಮಾಡಿದರೆ 26.5 ಆಗಿಬಿಡುತ್ತದೆ, ಅಲ್ವಾ? ಒಂದೇ ಗುಣಕ ಎಲ್ಲ ಕಡೆ ನಡೆಯಲ್ಲ, ಪರಿವರ್ತನೆ ಪಟ್ಟಿ ನೋಡಿ.

ಉತ್ತರ 2: ರಿಫ್ರಾಕ್ಟೋಮೀಟರ್ ಗಾಜಿನ ಮೇಲೆ ಡಿಸ್ಟಿಲ್ಡ್ ನೀರಿನ ಎರಡು ಹನಿ ಹಾಕಿ, ಮುಚ್ಚಳ ಮುಚ್ಚಿ, ಅರ್ಧ ನಿಮಿಷ ಬಿಟ್ಟು ನೋಡಿ. ನೀಲಿ ಗೆರೆ ಸೊನ್ನೆಗೆ ಬರದಿದ್ದರೆ ಸ್ಕ್ರೂ ತಿರುಗಿಸಿ. ಬಾವಿ ನೀರು ಬೇಡ. ಇನ್ನೊಂದು, ಮಳೆ ಬಿದ್ದ ಮೇಲೆ ಸಿಹಿನೀರು ಮೇಲೆ ತೇಲುತ್ತದೆ, ಉಪ್ಪು ಜಾಸ್ತಿ ಇರೋ ನೀರು ತಳದಲ್ಲಿ. ಸಿಗಡಿ ಓಡಾಡೋದು ತಳದಲ್ಲೇ, ಹಾಗಾಗಿ ಅಲ್ಲಿಂದಲೂ ನೀರು ತೆಗೆದು ಅಳೆಯಿರಿ.

ಪ್ರಶ್ನೆ ಕೇಳಿದವರು: ಸೊನ್ನೆ ಮಾಡಿ ನೋಡಿದೆ. ಮೇಲೆ 17, ತಳದಲ್ಲಿ 20! ಹ್ಯಾಚರಿಯಲ್ಲಿ (ಮರಿ ಬೆಳೆಸುವ ಕಡೆ) ಮರಿ ಎಷ್ಟು ಉಪ್ಪಲ್ಲಿವೆ ಅಂತ ಕೇಳಿದ ಮೇಲೆಯೇ ಕೆರೆಗೆ ಬಿಡುತ್ತೇನೆ.