ಹಳೇ ರೋಡ್‌ಕಿಂಗ್ ಬೈಕ್ ತಗೊಳ್ಳೋದಾ, ಬೇಡ್ವಾ? ಇಟ್ಕೊಂಡಿರೋರು ಅನುಭವ ಹೇಳಿ

ಹಾಸನದ ಹುಡುಗ: ಪಕ್ಕದೂರಲ್ಲಿ 1984ರ ಯೆಜ್ಡಿ ರೋಡ್‌ಕಿಂಗ್ ಒಂದಿದೆ. ಆರು ವರ್ಷದಿಂದ ಕೊಟ್ಟಿಗೇಲಿ ನಿಂತಿದೆ. 85 ಸಾವಿರ ಹೇಳ್ತಿದ್ದಾರೆ. ಆರ್‌ಸಿ ತೀರಿಹೋದ ಅವರಣ್ಣನ ಹೆಸರಲ್ಲಿದೆ, 2019ಕ್ಕೇ ಮುಗಿದಿದೆ. ನನ್ನ ಪ್ರಶ್ನೆ ಎರಡೇ: ಈ ರೇಟು ಸರಿನಾ? ಹೆಸರು ಬದಲಾಯಿಸೋದು ಕಷ್ಟನಾ?

ಯಾದವಗಿರಿ ಮೊಮ್ಮಗ: ನಮ್ಮಜ್ಜ ಯೆಜ್ಡಿ ತಯಾರಿಸ್ತಿದ್ದ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರೀಲಿ ಇದ್ದವರು. 1996ರಲ್ಲಿ ಅದು ನಿಂತಾಗ ನಂಗೆ ಎಂಟು ವರ್ಷ. ಹಾಗಾಗಿ ರೋಡ್‌ಕಿಂಗ್ ಅಂದ್ರೆ ನನ್ನ ತಲೆ ಓಡಲ್ಲ, ಮೊದಲೇ ಹೇಳಿಬಿಡ್ತೀನಿ. 2017ರಲ್ಲಿ 42 ಸಾವಿರಕ್ಕೆ ತಂದೆ. ಕ್ರ್ಯಾಂಕ್ ರಾಡ್ ಕಿಟ್, ಪ್ರೆಸ್ಸಿಂಗ್ ಸೇರಿ 6,800. ಬೋರು, ಪಿಸ್ಟನ್ಗೆ 4,200. ಎರಡು ಸೈಲೆನ್ಸರ್ ಕ್ರೋಮ್ ಮಾಡಿಸಿದ್ದು 5,500, ಆರೇ ತಿಂಗಳಿಗೆ ಸಿಪ್ಪೆ ಎದ್ದು ಮತ್ತೆ 5,500. ಆಯಿಲ್ ಸೀಲ್ (ಆಯಿಲ್ ಸೋರದ ಹಾಗೆ ತಡೆಯೋ ರಬ್ಬರ್ ಉಂಗುರ) ಕಥೆ ಕೇಳಿ. ಮೊದಲನೇ ಮೆಕ್ಯಾನಿಕ್ ಯಾವುದೋ ಲೋಕಲ್ ಸೀಲ್ ಕೂರಿಸಿದ. ಕ್ಲಚ್ ಕಡೆ ಸೀಲ್ ಹೋದ್ರೆ ಇಂಜಿನ್ನು ಗೇರ್ ಆಯಿಲ್ಲನ್ನೇ ಕುಡಿಯುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಬಿಳಿ ಹೊಗೆ, ಎದುರುಮನೆಯವರು ಸೊಳ್ಳೆ ಹೊಗೆ ಹಾಕೋಕೆ ಬಂದಿದ್ದಾರೆ ಅಂತ ಕಿಟಕಿ ಮುಚ್ಕೊಂಡ್ರು. ಇಂಜಿನ್ ಮತ್ತೆ ಇಳಿಸಿ, ಬಿಚ್ಚಿ, ಇನ್ನೊಂದು 3 ಸಾವಿರ. ಇಲ್ಲಿ ಬರೆಯದೆ ಬಿಟ್ಟ ಖರ್ಚೆಲ್ಲಾ ಸೇರಿ ಒಟ್ಟು 1,37,400. ಲೆಕ್ಕದ ಪುಸ್ತಕ ನನ್ನ ಹೆಂಡತಿ ಕೈಗೆ ಸಿಕ್ಕಿದ ದಿನ ಮನೇಲಿ ಅಡುಗೆ ಆಗಲಿಲ್ಲ. ಆದ್ರೂ ಭಾನುವಾರ ಬೆಳಿಗ್ಗೆ ನಂಜನಗೂಡು ರೋಡಲ್ಲಿ ಮೂರನೇ ಗೇರಿಂದ ನಾಲ್ಕಕ್ಕೆ ಹಾಕಿದಾಗ ಆ ಎರಡು ಸೈಲೆನ್ಸರ್ ಒಟ್ಟಿಗೆ ಬಾಯಿ ಬಿಡ್ತವಲ್ಲ… ತಗೊಳ್ಳಿ ಗುರು.

ಘಟ್ಟದ ಕೆಳಗಿನವ: ತಗೊಳ್ಳಿ ಅನ್ಲಿಕ್ಕೆ ಸುಲಭ ಮಾರಾಯ್ರೆ. ನಾನು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳೀತಾ ಇದ್ದೆ. ಇಳಿಜಾರಲ್ವಾ, ಆಕ್ಸಿಲರೇಟರ್ ಪೂರಾ ಬಿಟ್ಟು ಗೇರಲ್ಲೇ ಇಳಿಸಿದ್ದು. ನಾಲ್ಕನೇ ತಿರುವಿನಲ್ಲಿ ಕರ್‍ರ್ ಅಂತ ಒಂದು ಶಬ್ದ, ಹಿಂದಿನ ಚಕ್ರ ಲಾಕ್. ಕ್ಲಚ್ ಹಿಡಿದದ್ದಕ್ಕೆ ಬಚಾವ್, ಇಲ್ಲದಿದ್ರೆ ಕೆಳಗಿನ ಕಾಡಿಗೇ ಹೋಗ್ತಿದ್ದೆ. ಯೆಜ್ಡಿಯಂಥ ಟೂ ಸ್ಟ್ರೋಕ್ ಇಂಜಿನಿಗೆ ಆಯಿಲ್ ಬರುದೇ ಪೆಟ್ರೋಲಿನೊಟ್ಟಿಗೆ. ಆಕ್ಸಿಲರೇಟರ್ ಬಿಟ್ರೆ ಪೆಟ್ರೋಲೂ ಇಲ್ಲ, ಆಯಿಲೂ ಇಲ್ಲ. ಇದು ನನಗೆ ಯಾರೂ ಹೇಳಿರ್ಲಿಲ್ಲ. ಗಾಡಿ ಪಿಕಪ್ಪಲ್ಲಿ ಉಜಿರೆಗೆ, 2,500. ಪಿಸ್ಟನ್ನಿನ ಒಂದು ಬದಿ ಉಗುರಲ್ಲಿ ಪರಚಿದ ಹಾಗೆ ಗೆರೆ ಗೆರೆ. ಮುಂದಿನ ತಿಂಗಳೇ ಮಾರಿದೆ. ಬೇಸರ ಇಲ್ಲ. (ಇದೆ.)

ಧಾರವಾಡ ಡಬಲ್ ಸೈಲೆನ್ಸರ್: ಲೀಟರ್ ಪೆಟ್ರೋಲಿಗೆ ಎಷ್ಟು ಟೂಟಿ (2T) ಆಯಿಲ್ ಹಾಕ್ತಿದ್ರಿ ಅದನ್ನ ಮೊದಲ ಹೇಳ್ರಿ. ಗಾಡಿಗೆ ಯಾಕ ಬೈತೀರಿ?

ಘಟ್ಟದ ಕೆಳಗಿನವ: 30 ಎಂಎಲ್. ಈಗಿನ ಆಯಿಲಿಗೆ ಅಷ್ಟು ಸಾಕು.

ಧಾರವಾಡ ಡಬಲ್ ಸೈಲೆನ್ಸರ್: ಇಲ್ಲೇ ಐತಿ ನೋಡ್ರಿ ರೋಗ! 40ಕ್ಕಿಂತ ಕಡಿಮಿ ಹಾಕಿ ಘಾಟ್ ಇಳದ್ರ ಹಿಡಕೊಳ್ಳದ ಏನ್ ಮಾಡ್ತದ? ನಮ್ಮಪ್ಪ 50 ಹಾಕಿ 22 ವರ್ಷ ಹೊಡದಾನ, ಒಮ್ಮಿನೂ ಸೀಜ್ ಆಗಿಲ್ಲ.

ಯಾದವಗಿರಿ ಮೊಮ್ಮಗ: 50 ಹಾಕಿದ್ರೆ ಸೈಲೆನ್ಸರ್ ತುಂಬಾ ಕರಿ, ಪ್ಲಗ್ ಒದ್ದೆ. ವರ್ಷಕ್ಕೆರಡು ಸಲ ಡಿಕಾರ್ಬ್ ಮಾಡಿಸಿ ಕರಿ ತೆಗೆಸ್ತಿದ್ರು ಅನ್ನೋದನ್ನೂ ಹೇಳಿ ಸರ್.

ಧಾರವಾಡ ಡಬಲ್ ಸೈಲೆನ್ಸರ್: ಕರಿ ತೊಳಿಯೋ ಕಾಸ್ಟಿಕ್ ಸೋಡಾ 60 ರೂಪಾಯಿ. ಪಿಸ್ಟನ್ ಎಷ್ಟ್ರಿ?

ಆರ್‌ಎಕ್ಸ್ ರಾಜ: ಇಷ್ಟೆಲ್ಲಾ ಒದ್ದಾಡೋ ಬದಲು ಯಮಹಾ ಆರ್‌ಎಕ್ಸ್ 100 ತಗೋ ಮಗಾ. 98 ಸಿಸಿ, ಯೆಜ್ಡಿ 250 ಇದ್ಕೊಂಡೂ ಸಿಗ್ನಲ್ಲಲ್ಲಿ ಹಿಂದೆ ಬೀಳುತ್ತೆ. ಅರ್ಧ ಕಿಕ್ಕಿಗೆ ಸ್ಟಾರ್ಟು.

ಯಾದವಗಿರಿ ಮೊಮ್ಮಗ: ಸ್ಟಾರ್ಟ್ ಮಾಡೋಕೆ ಗಾಡಿ ಇದ್ದಲ್ಲೇ ಇರಬೇಕಲ್ಲಾ! ನಿಮ್ಮದು ಎಷ್ಟನೇ ಸಲ ಕಳುವಾಗಿದ್ದು?

ಆರ್‌ಎಕ್ಸ್ ರಾಜ: ಒಂದೇ ಸಲ. ಸಿಕ್ತು. ಟ್ಯಾಂಕ್, ಕಾರ್ಬೊರೇಟರ್ ಬಿಟ್ಟು.

ಅಪ್ಪನ ಜಾವಾ: ನನ್ನದು 1969ರ ಜಾವಾ. ಅಪ್ಪ ಹೋದ ಮೇಲೆ ಅಣ್ಣ ಗುಜರಿಗೆ ಹಾಕ್ತೀನಿ ಅಂದ, ನಾನು ಬಿಡಲಿಲ್ಲ. ಕಿಕ್ಕು, ಗೇರು ಎರಡಕ್ಕೂ ಒಂದೇ ಲಿವರ್ ಅಂತ ಎಲ್ಲರಿಗೂ ಗೊತ್ತು. ಆ ಲಿವರ್ ಒತ್ತಿದ್ರೆ ಕ್ಲಚ್ ತಾನೇ ಬಿಡುತ್ತೆ ಅನ್ನೋದು ಶ್ರೀರಂಗಪಟ್ಟಣದ ಹತ್ರ ಕ್ಲಚ್ ಕೇಬಲ್ ತುಂಡಾದ ದಿನ ನನಗೆ ಅರ್ಥ ಆಯ್ತು. ಕಾಲಲ್ಲಿ ಲಿವರ್ ಒತ್ತಿ ಹಿಡಿದು, ನಿಧಾನಕ್ಕೆ ಬಿಡ್ತಾ ಬಿಡ್ತಾ ಮೈಸೂರಿನ ತನಕ ಬಂದೆ. ಸಿಗ್ನಲ್ ಬಂದಾಗೆಲ್ಲಾ ಚಾಮುಂಡಿಗೆ ಹರಕೆ.

ಆರ್‌ಎಕ್ಸ್ ರಾಜ: ಮೇಡಂ, ಕಿಕ್ ನೀವೇ ಹೊಡೀತೀರಾ? 🙂

ಅಪ್ಪನ ಜಾವಾ: ಇಲ್ಲಪ್ಪ, ದಿನಾ ಬೆಳಿಗ್ಗೆ ನಿಮ್ಮನ್ನ ಕರೆಸ್ತೀನಿ. ಬನ್ನಿ, ಟ್ಯಾಂಕ್ ಇರೋ ಗಾಡೀನಾದ್ರೂ ನೋಡಿದ ಹಾಗಾಗುತ್ತೆ.

ಧಾರವಾಡ ಡಬಲ್ ಸೈಲೆನ್ಸರ್: 😂 ಅಕ್ಕಾರ, ನಿಮ್ದು 50 ವರ್ಷ ದಾಟೇತಿ. ವಿಂಟೇಜ್ ನಂಬರ್ ತಗೊಂಡ್ರೇನ?

ಅಪ್ಪನ ಜಾವಾ: ತಗೊಳ್ಳಲ್ಲ. 2021ರ ನಿಯಮದಲ್ಲಿ ಹೊಸ ನೋಂದಣಿಗೆ 20 ಸಾವಿರ, ಆಮೇಲೆ ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸೋಕೆ, ರಿಪೇರಿಗೆ ಅಂತ ಮಾತ್ರ ಹೊರಗೆ ತರಬೇಕು. ನಾನು ಅದರಲ್ಲಿ ತರಕಾರಿ ತರ್ತೀನಿ.

ಘಟ್ಟದ ಕೆಳಗಿನವ: ಮಾಮೂಲಿ ನೋಂದಣಿ ರಿನೀವಲ್ ಏನು ಅಗ್ಗವಾ? 20 ವರ್ಷ ದಾಟಿದ ಬೈಕಿಗೆ 2025ರಲ್ಲಿ 2 ಸಾವಿರ ಮಾಡಿದ್ರು. ಮತ್ತೆ ಎಥೆನಾಲ್ ಬೆರೆಸಿದ ಪೆಟ್ರೋಲು. ನನ್ನ ಟ್ಯಾಂಕ್ ಕೆಳಗಿನ ಪೆಟ್ರೋಲ್ ಕಾಕಿನ (ನಲ್ಲಿಯ) ವಾಷರ್ ಹಲಸಿನ ತೊಳೆ ಹಾಗೆ ಊದಿತ್ತು.

ಯಾದವಗಿರಿ ಮೊಮ್ಮಗ: ಮಾರಿದ ಗಾಡಿ ಬಗ್ಗೆ ಇನ್ನೂ ಎಷ್ಟು ದಿನ ಅಳ್ತೀರಿ ಸ್ವಾಮಿ?

ಘಟ್ಟದ ಕೆಳಗಿನವ: ನಿಮ್ಮ ಹೊಗೆ ನಿಂತ ದಿನ ಹೇಳಿ, ನಾನೂ ನಿಲ್ಲಿಸ್ತೇನೆ.

ಹಾಸನದ ಹುಡುಗ: ಅಣ್ಣಂದಿರಾ, ಅಕ್ಕಾ, ಹೆಸರು ಬದಲಾಯಿಸೋದನ್ನ ಯಾರೂ ಹೇಳಲೇ ಇಲ್ಲ. ಇರಲಿ. ಇವತ್ತು ಹೋಗಿದ್ದೆ. ಪ್ಲಗ್ ತೆಗೆದು ಉಜ್ಜಿ, ಹೊಸ ಪೆಟ್ರೋಲ್ ಹಾಕಿ, 23ನೇ ಕಿಕ್ಕಿಗೆ ಹೊತ್ಕೊಳ್ತು. ಸೈಲೆನ್ಸರಿಂದ ಇಲಿ ಗೂಡಿನ ಹುಲ್ಲು ಹಾರಿ ನೇರ ಓನರ್ ಪಂಚೆ ಮೇಲೆ ಬಿತ್ತು, ಎಮ್ಮೆ ಹಗ್ಗ ಕಿತ್ಕೊಂಡು ಓಡ್ತು. 78ಕ್ಕೆ ಮಾತಾಡಿ 5 ಸಾವಿರ ಅಡ್ವಾನ್ಸ್ ಕೊಟ್ಟೆ. ಒಂದೇ ಅನುಮಾನ, ಕಿಕ್ ಹೊಡೆದ ಮೇಲೆ ಲಿವರ್ ವಾಪಸ್ ಬರ್ತಿಲ್ಲ.

ಧಾರವಾಡ ಡಬಲ್ ಸೈಲೆನ್ಸರ್: ಶಾಫ್ಟ್ ಬೆಂಡ್ ಆಗಿರ್ತದ.

ಯಾದವಗಿರಿ ಮೊಮ್ಮಗ: ಶಾಫ್ಟೂ ಅಲ್ಲ, ಗೀಫ್ಟೂ ಅಲ್ಲ. ಕಿಕ್ ಸ್ಪ್ರಿಂಗ್.

ಅಪ್ಪನ ಜಾವಾ: ಸ್ಪ್ರಿಂಗೇ. ಕ್ಲಚ್ ಕವರ್ ಬಿಚ್ಚೋ ಮುಂಚೆ ಗೇರ್ ಆಯಿಲ್ ಇಳಿಸ್ಕೊಳ್ಳಿ ತಮ್ಮ. ನಾನು ಮರೆತಿದ್ದೆ. ಹಬ್ಬದ ದಿನ, ಅಮ್ಮನ ರಂಗೋಲಿ ಮೇಲೆ.