ಸಾಂಬಾ: ನನ್ನ ಹೆಸರಿಗೆ ಬಾಗಿಲು ತೆರೆಯುತ್ತದೆ, ಹುಡುಗರ ಹೆಸರಿಗೆ ತೆರೆಯುವುದಿಲ್ಲ

ಹಳೇಮೊಳೆ, ದಾವಣಗೆರೆ

ನಮಸ್ಕಾರ. ಮಂಡಿಪೇಟೆಯ ಹತ್ತಿರ ನನ್ನದೊಂದು ಚಿಕ್ಕ ಮುದ್ರಣಾಲಯವಿದೆ. ಮೊಳೆ ಜೋಡಿಸುವ ಕಾಲದಿಂದ ಈ ಕಸುಬಿನಲ್ಲಿದ್ದೇನೆ. ಟ್ರೆಡಲ್ ಯಂತ್ರ ಗುಜರಿಗೆ ಹೋದ ಮೇಲೆ ಕಂಪ್ಯೂಟರ್ ಕಲಿತವನು, ಹಾಗಾಗಿ ಉತ್ತರಿಸುವವರು ಒಂದು ಮೆಟ್ಟಿಲು ಕೆಳಗಿನಿಂದಲೇ ಶುರು ಮಾಡಿದರೆ ಉಪಕಾರವಾಗುತ್ತದೆ.

ಅಂಗಡಿಯಲ್ಲಿ ಮೂರು ಯಂತ್ರಗಳಿವೆ. ಕೌಂಟರಿನಲ್ಲಿರುವುದು ಲಿನಕ್ಸ್‌ನ ಉಬುಂಟು 24.04. ಅದರಲ್ಲಿ ಎರಡು ಟಿಬಿಯ ಎರಡನೇ ಡಿಸ್ಕ್ ಇದೆ, ಎಲ್ಲ ಗಿರಾಕಿಗಳ ಕೆಲಸವೂ ಅದರಲ್ಲೇ. ಪಕ್ಕದಲ್ಲಿ ವಿಂಡೋಸ್ 10, ಕೋರೆಲ್‌ಡ್ರಾ ಮತ್ತು ನುಡಿ ಅದರಲ್ಲಿವೆ. ಮಹಡಿಯ ಮೇಲೆ ಪ್ರಿಂಟರಿನ ಬಳಿ ಮಗ ಬಿಟ್ಟುಕೊಟ್ಟ ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ಲಿನಕ್ಸ್ ಮಿಂಟ್.

ಇಷ್ಟು ದಿನ ಪೆನ್ ಡ್ರೈವ್ ಹಿಡಿದು ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆವು. ಕಳೆದ ತಿಂಗಳು ಕೆಳಗೆ ಮುಹೂರ್ತದ ಸಮಯವನ್ನು ತಿದ್ದಿದ್ದಾಯಿತು, ಆದರೆ ಪೆನ್ ಡ್ರೈವಿನಲ್ಲಿ ಹಳೆಯ ಪ್ರತಿಯೇ ಉಳಿದಿತ್ತು. 400 ಲಗ್ನಪತ್ರಿಕೆ ತಪ್ಪು ಸಮಯದೊಂದಿಗೆ ಅಚ್ಚಾದವು. ಹೆಣ್ಣಿನ ತಂದೆ ಜಗಳವಾಡಲಿಲ್ಲ, ಸುಮ್ಮನೆ ಕುಳಿತರು. ಜಗಳವಾಡಿದ್ದರೆ ಚೆನ್ನಾಗಿರುತ್ತಿತ್ತು.

ಅದಾದ ಮೇಲೆ, ಒಂದು ಯಂತ್ರದ ಫೋಲ್ಡರನ್ನು ಉಳಿದ ಯಂತ್ರಗಳಿಗೂ ಹಂಚುವ ಸಾಂಬಾ ಎಂಬ ತಂತ್ರಾಂಶ ಹಾಕಿದೆ. ಡಿಸ್ಕಿನ ಫೋಲ್ಡರನ್ನು ‘ಕೆಲಸ’ ಎಂಬ ಹೆಸರಿನಲ್ಲಿ ಹಂಚಿದ್ದೇನೆ. ನನ್ನ ಖಾತೆಯ ಹೆಸರು ‘ಪ್ರೆಸ್’. ಕೆಲಸದ ಹುಡುಗರಿಗೆಂದು ‘ಹುಡುಗ’ ಎಂಬ ಖಾತೆ ತೆರೆದು, ಅದಕ್ಕೆ ಸಾಂಬಾ ಪಾಸ್‌ವರ್ಡ್ ಕೂಡ ಕೊಟ್ಟಿದ್ದೇನೆ. ‘ಪ್ರೆಸ್’ ಹೆಸರಿನಲ್ಲಿ ಹೋದರೆ ಎರಡೂ ಯಂತ್ರಗಳಿಂದ ತೆರೆಯುತ್ತದೆ. ‘ಹುಡುಗ’ ಹೆಸರಿನಲ್ಲಿ ಹೋದರೆ ಮಿಂಟ್ ‘ಮೌಂಟ್ ಎರರ್ 13, ಪರ್ಮಿಷನ್ ಡಿನೈಡ್’ ಎನ್ನುತ್ತದೆ. ಪಾಸ್‌ವರ್ಡನ್ನು ಮೂರು ಸಲ ಬದಲಿಸಿದೆ. ಕೊನೆಗೆ ಫೋಲ್ಡರಿಗೆ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಕೊಟ್ಟೆ. ಅದಕ್ಕೂ ಜಗ್ಗಲಿಲ್ಲ.

ಇನ್ನೊಂದು ವಿಚಿತ್ರವಿದೆ. ಕರೆಂಟ್ ಹೋಗಿ ಬಂದ ಮೇಲೆ ಕೆಲವೊಮ್ಮೆ ‘ಪ್ರೆಸ್’ ಹೆಸರಿಗೂ ತೆರೆಯುವುದಿಲ್ಲ. ಆಗ ಎರರ್ 2. ನಾನು ಕೌಂಟರಿನ ಯಂತ್ರದಲ್ಲಿ ಲಾಗಿನ್ ಆಗಿ ಆ ಡಿಸ್ಕನ್ನು ಒಮ್ಮೆ ತೆರೆದು ನೋಡಿದರೆ ತಾನಾಗಿಯೇ ಸರಿಹೋಗುತ್ತದೆ. ಎರಡಕ್ಕೂ ಸಂಬಂಧವಿದೆಯೋ ಇಲ್ಲವೋ ತಿಳಿಯುತ್ತಿಲ್ಲ.

ಬೆಣ್ಣೆಖಾಲಿ

ಇಷ್ಟೆಲ್ಲ ಯಾಕೆ ಯಜಮಾನರೇ? ‘ಗೆಸ್ಟ್ ಓಕೆ’ ಎಂದು ಬರೆದುಬಿಡಿ, ಪಾಸ್‌ವರ್ಡಿನ ಗೋಜೇ ಇರುವುದಿಲ್ಲ. ಆಗಲೂ ಬಾರದಿದ್ದರೆ ಕನಿಷ್ಠ ಪ್ರೋಟೋಕಾಲ್ ಅನ್ನು ಎನ್‌ಟಿ1ಕ್ಕೆ ಇಳಿಸಿ. ನಮ್ಮ ಅಂಗಡಿಯಲ್ಲಿ ವರ್ಷಗಳಿಂದ ಹಾಗೆಯೇ ನಡೆಯುತ್ತಿದೆ.

ಕಲ್ಲುಕೋಟೆ, ಚಿತ್ರದುರ್ಗ

ಬೆಣ್ಣೆಖಾಲಿಯವರು ಹೇಳಿದ ಎರಡನ್ನೂ ಮಾಡಬೇಡಿ. ಎನ್‌ಟಿ1 ಎಂದರೆ ಎಸ್‌ಎಂಬಿ ಎಂಬ ಫೈಲು ಹಂಚಿಕೆಯ ಪ್ರೋಟೋಕಾಲಿನ, ಅಂದರೆ ಯಂತ್ರಗಳು ಮಾತಾಡುವ ಭಾಷೆಯ, ಮೊದಲ ಆವೃತ್ತಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ ಜಗತ್ತಿನಾದ್ಯಂತ ಹರಡಿದ್ದು ವಿಂಡೋಸಿನಲ್ಲಿ ಅದರಲ್ಲಿದ್ದ ದೋಷದ ಮೂಲಕವೇ. ಸಾಂಬಾದವರು 2019ರಲ್ಲಿ 4.11 ಆವೃತ್ತಿಯಿಂದ ಅದನ್ನು ಮುಚ್ಚಿಯೇ ಕೊಡುತ್ತಿದ್ದಾರೆ. ಇನ್ನು ಗೆಸ್ಟ್ ತೆರೆದಿಟ್ಟರೆ, ನಿಮ್ಮ ವೈಫೈ ಪಾಸ್‌ವರ್ಡ್ ಕೇಳಿ ಪಡೆದ ಗಿರಾಕಿಗೂ ಇನ್ನೊಬ್ಬ ಗಿರಾಕಿಯ ಆಧಾರ್ ಪ್ರತಿ ಕಾಣುತ್ತದೆ. ಮೇಲಾಗಿ ವಿಂಡೋಸ್ 11ರ 24ಎಚ್2 ಪ್ರೊ ಆವೃತ್ತಿ ಗೆಸ್ಟ್ ಹಂಚಿಕೆಯನ್ನು ತಾನೇ ನಿರಾಕರಿಸುತ್ತದೆ. ನಾಳೆ ಹೊಸ ಯಂತ್ರ ತಂದ ದಿನ ಮತ್ತೆ ಇಲ್ಲಿಗೇ ಬರುತ್ತೀರಿ.

ಹಳೇಮೊಳೆಯವರೇ, ನೀವು ಕೊಟ್ಟ ವಿವರದಲ್ಲಿಯೇ ಉತ್ತರವಿದೆ. ಎರಡು ತೊಂದರೆಗಳಿಗೂ ಮೂಲ ಒಂದೇ ಎಂದು ನನ್ನ ಅನುಮಾನ. ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನು ಹಾಕಿಕೊಳ್ಳಿ.

ಮೊದಲು ಒಂದು ಪರೀಕ್ಷೆ ಮಾಡಿ. ಹಂಚಿಕೆಯನ್ನು ಯಂತ್ರಕ್ಕೆ ಜೋಡಿಸುವ ಮೌಂಟ್ ಕಮಾಂಡ್ ಕೊಡುವ 13 ನಂಬಿಕೆಗೆ ಅರ್ಹವಲ್ಲ. ಪಾಸ್‌ವರ್ಡ್ ತಪ್ಪಿದ್ದರೂ 13, ಪಾಸ್‌ವರ್ಡ್ ಸರಿಯಿದ್ದು ಫೋಲ್ಡರಿಗೆ ಪ್ರವೇಶವಿಲ್ಲದಿದ್ದರೂ 13. ಅದರ ಬದಲು ಮಿಂಟ್‌ನಿಂದ ಎಸ್‌ಎಂಬಿಕ್ಲೈಂಟ್ ಎಂಬ ಕಮಾಂಡ್ ಬಳಸಿ ‘ಹುಡುಗ’ ಹೆಸರಿನಲ್ಲಿ ಹೋಗಿ ನೋಡಿ. ‘ಲಾಗಾನ್ ಫೈಲ್ಯೂರ್’ ಎಂದರೆ ಪಾಸ್‌ವರ್ಡಿನ ತಪ್ಪು. ‘ಆಕ್ಸೆಸ್ ಡಿನೈಡ್’ ಎಂದರೆ ಆಳನ್ನು ಗುರುತು ಹಿಡಿದಿದೆ, ಒಳಗೆ ಬಿಡುತ್ತಿಲ್ಲ. ಇವೆರಡಕ್ಕೂ ಮದ್ದು ಬೇರೆ ಬೇರೆ.

ಆಮೇಲೆ ಹಂಚಿಕೆಯ ದಾರಿ ಎಲ್ಲಿಂದ ಶುರುವಾಗುತ್ತದೆ ಎಂದು ತಿಳಿಸಿ. /ಮೀಡಿಯಾ/ಪ್ರೆಸ್/ ಎಂದು ಇದೆಯೇ?

ಹಳೇಮೊಳೆ

ಹೌದು, /ಮೀಡಿಯಾ/ಪ್ರೆಸ್/ಕೆಲಸ ಎಂದೇ ಇದೆ. ನಿಮಗೆ ಹೇಗೆ ತಿಳಿಯಿತು? ಎಸ್‌ಎಂಬಿಕ್ಲೈಂಟ್ ‘ಆಕ್ಸೆಸ್ ಡಿನೈಡ್’ ಎಂದಿತು.

ಕಲ್ಲುಕೋಟೆ, ಚಿತ್ರದುರ್ಗ

ಡಿಸ್ಕನ್ನು ತೆರೆದು ನೋಡಿದ ಮೇಲೆ ಸರಿಹೋಗುತ್ತದೆ ಎಂದಿರಲ್ಲ, ಅಲ್ಲಿ ಗುಟ್ಟು ಬಿಟ್ಟುಕೊಟ್ಟಿರಿ. /ಮೀಡಿಯಾ/ಪ್ರೆಸ್ ಎಂಬುದು ಶಾಶ್ವತ ಜಾಗವಲ್ಲ. ‘ಪ್ರೆಸ್’ ಎಂಬ ಬಳಕೆದಾರ ಲಾಗಿನ್ ಆಗಿ ಡಿಸ್ಕ್ ತೆರೆದಾಗ ಡೆಸ್ಕ್‌ಟಾಪ್ ಅವನಿಗೋಸ್ಕರ ಅಲ್ಲಿ ಡಿಸ್ಕನ್ನು ಕೂರಿಸುತ್ತದೆ. ಕರೆಂಟ್ ಹೋಗಿ ಬಂದು ಯಾರೂ ಲಾಗಿನ್ ಆಗದಿದ್ದರೆ ಡಿಸ್ಕ್ ಅಲ್ಲಿ ಕೂತೇ ಇರುವುದಿಲ್ಲ. ಸಾಂಬಾ ಎದ್ದಿರುತ್ತದೆ, ಹಂಚಬೇಕಾದ ಫೋಲ್ಡರ್ ಇರುವುದಿಲ್ಲ. ಅದು ನಿಮ್ಮ ಎರರ್ 2.

ಇನ್ನು 13. ಡೆಸ್ಕ್‌ಟಾಪ್ ಮಾಡುವ ಆ /ಮೀಡಿಯಾ/ಪ್ರೆಸ್ ಫೋಲ್ಡರಿನ ಒಡೆಯ ರೂಟ್ (ಯಂತ್ರದ ಮುಖ್ಯಾಧಿಕಾರಿ ಖಾತೆ), ಅನುಮತಿ 750 (ಒಡೆಯ ಮತ್ತು ಅವನ ಗುಂಪನ್ನು ಬಿಟ್ಟು ಬೇರೆಯವರಿಗೆ ಪ್ರವೇಶವಿಲ್ಲ), ಜೊತೆಗೆ ‘ಪ್ರೆಸ್’ ಒಬ್ಬನಿಗೆ ಮಾತ್ರ ಪ್ರತ್ಯೇಕ ರಹದಾರಿ. ನೀವು 777 ಕೊಟ್ಟಿದ್ದು ಅದರೊಳಗಿನ ‘ಕೆಲಸ’ಕ್ಕೆ. ಇಲ್ಲಿಯವರಾದ ನಮಗೆ ಇದು ಬೇಗ ಅರ್ಥವಾಗುತ್ತದೆ. ಏಳು ಸುತ್ತಿನ ಕೋಟೆಯಲ್ಲಿ ಒಳಗಿನ ಅರಮನೆಯ ಬಾಗಿಲನ್ನು ತೆರೆದಿಟ್ಟು ಎರಡನೇ ಸುತ್ತಿನ ಬಾಗಿಲಿಗೆ ಅಗುಳಿ ಹಾಕಿದಂತೆ. ಲಿನಕ್ಸ್‌ನಲ್ಲಿ ಒಂದು ಫೈಲಿನವರೆಗೆ ಹೋಗಬೇಕಾದರೆ ದಾರಿಯ ಪ್ರತಿ ಫೋಲ್ಡರಿನಲ್ಲೂ ಆ ಬಳಕೆದಾರನಿಗೆ ‘ಎಕ್ಸ್’, ಅಂದರೆ ಒಳಹೊಗುವ, ಅನುಮತಿ ಬೇಕು. ಎನ್, ಎ, ಎಂ, ಇ, ಐ ಎಂಬ ಐದಕ್ಷರಗಳ ಕಮಾಂಡ್‌ಗೆ ‘-ಎಲ್’ ಸೇರಿಸಿ ಪೂರ್ತಿ ದಾರಿ ಕೊಟ್ಟರೆ, ಒಂದೊಂದು ಸುತ್ತಿನ ಬಾಗಿಲಿನ ಸ್ಥಿತಿಯನ್ನೂ ಸಾಲಾಗಿ ತೋರಿಸುತ್ತದೆ. ಹೋಮ್ ಫೋಲ್ಡರನ್ನು ಹಂಚುವವರೂ ಇದೇ ಗುಂಡಿಗೆ ಬೀಳುತ್ತಾರೆ, ಏಕೆಂದರೆ ಉಬುಂಟು 21.04ರಿಂದ ಹೊಸ ಹೋಮ್ ಫೋಲ್ಡರುಗಳಿಗೂ 750 ಅನುಮತಿಯೇ.

ಪರಿಹಾರ: ಡಿಸ್ಕನ್ನು ಅಲ್ಲಿಂದ ಎಬ್ಬಿಸಿ /ಎಸ್‌ಆರ್‌ವಿ/ಕೆಲಸ ಎಂಬಲ್ಲಿ ಕಾಯಂ ಕೂರಿಸಿ. ಬಿಎಲ್‌ಕೆಐಡಿ ಎಂಬ ಕಮಾಂಡ್ ಡಿಸ್ಕಿನ ಗುರುತಿನ ಸಂಖ್ಯೆಯಾದ ಯುಯುಐಡಿಯನ್ನು ಕೊಡುತ್ತದೆ. ಅದನ್ನು, ಯಂತ್ರ ಏಳುವಾಗ ಯಾವ ಡಿಸ್ಕ್ ಎಲ್ಲಿ ಕೂರಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಬರೆದು, ಆಯ್ಕೆಗಳಲ್ಲಿ ‘ನೋಫೇಲ್’ ಸೇರಿಸಿ. ಅದಿಲ್ಲದಿದ್ದರೆ ಡಿಸ್ಕ್ ಕೆಟ್ಟ ದಿನ ಯಂತ್ರವೇ ಪೂರ್ತಿ ಏಳದೆ ನಿಂತುಬಿಡಬಹುದು. ಕೂರಿಸುವ ಮೊದಲಿನ ಖಾಲಿ ಫೋಲ್ಡರ್ ಮಾತ್ರ ರೂಟ್‌ನ ಒಡೆತನದಲ್ಲಿಯೇ ಇರಲಿ. ಡಿಸ್ಕ್ ಏರದ ದಿನ ಹುಡುಗರು ಅದರಲ್ಲಿ ಬರೆಯಲಾರರು. ಇಲ್ಲದಿದ್ದರೆ ಆ ದಿನದ ಕೆಲಸವೆಲ್ಲ ಸಣ್ಣ ಡಿಸ್ಕಿಗೆ ಹೋಗಿ, ಮರುದಿನ ದೊಡ್ಡ ಡಿಸ್ಕಿನ ಅಡಿಯಲ್ಲಿ ಮರೆಯಾಗುತ್ತದೆ. ನಾನು ಒಮ್ಮೆ ಅನುಭವಿಸಿದ್ದೇನೆ, ಎರಡು ದಿನ ಹುಡುಕಿದ್ದೆ.

ಆಮೇಲೆ ಆ 777 ತೆಗೆಯಿರಿ. ‘ಅಚ್ಚು’ ಎಂದು ಒಂದು ಗುಂಪು ಮಾಡಿ, ಇಬ್ಬರನ್ನೂ ಅದಕ್ಕೆ ಸೇರಿಸಿ, ‘ಕೆಲಸ’ ಮತ್ತು ಅದರೊಳಗಿನದೆಲ್ಲವನ್ನೂ ಆ ಗುಂಪಿನ ಹೆಸರಿಗೆ ಮಾಡಿ, ಫೋಲ್ಡರುಗಳಿಗೆ 2775, ಫೈಲುಗಳಿಗೆ 664 ಕೊಡಿ (ಗುಂಪಿನವರು ಬರೆಯಬಹುದು, ಉಳಿದವರು ಓದಬಹುದಷ್ಟೆ). ಮೊದಲಿನ 2 ಮುಖ್ಯ, ಒಳಗೆ ಹುಟ್ಟುವ ಹೊಸ ಫೈಲು ಗುಂಪಿನ ಹೆಸರಿನಲ್ಲೇ ಹುಟ್ಟುವಂತೆ ಅದು ನೋಡಿಕೊಳ್ಳುತ್ತದೆ. ಸಾಂಬಾದ ಫೈಲಿನಲ್ಲಿ ಹೊಸ ದಾರಿ ಬರೆದು, ‘ವ್ಯಾಲಿಡ್ ಯೂಸರ್ಸ್’ ಎಂಬಲ್ಲಿ ಆ ಗುಂಪನ್ನೂ, ‘ಕ್ರಿಯೇಟ್ ಮಾಸ್ಕ್’ ಎಂಬಲ್ಲಿ 0664, ‘ಡೈರೆಕ್ಟರಿ ಮಾಸ್ಕ್’ ಎಂಬಲ್ಲಿ 2775 ಎಂದೂ ಹಾಕಿ. ಟೆಸ್ಟ್‌ಪಾರ್ಮ್ ಓಡಿಸಿ ಕಾಗುಣಿತ ನೋಡಿಕೊಂಡು ಎಸ್‌ಎಂಬಿಡಿ ಸೇವೆಯನ್ನು ಮತ್ತೆ ಎಬ್ಬಿಸಿ.

ಮಿಂಟ್‌ನ ಎಫ್‌ಎಸ್‌ಟ್ಯಾಬಿನಲ್ಲಿ ಪಾಸ್‌ವರ್ಡನ್ನು ನೇರವಾಗಿ ಬರೆಯಬೇಡಿ, ಆ ಫೈಲನ್ನು ಯಾರು ಬೇಕಾದರೂ ಓದಬಹುದು. ಬೇರೆ ಫೈಲಿನಲ್ಲಿ ಬರೆದು, ಅದಕ್ಕೆ 600 ಕೊಟ್ಟು, ‘ಕ್ರೆಡೆನ್ಷಿಯಲ್ಸ್’ ಆಯ್ಕೆಯಲ್ಲಿ ಅದರ ದಾರಿ ತೋರಿಸಿ. ‘ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್’ ಹಾಕಿದರೆ ಫೋಲ್ಡರನ್ನು ಮುಟ್ಟಿದಾಗ ಮಾತ್ರ ಸಂಪರ್ಕವಾಗುತ್ತದೆ. ಕರೆಂಟ್ ಬಂದಾಗ ಲ್ಯಾಪ್‌ಟಾಪ್ ಮೊದಲು ಎದ್ದು ಸರ್ವರ್ ತಡವಾಗಿ ಎದ್ದರೂ ಜಗಳವಿಲ್ಲ. ರೌಟರಿನಲ್ಲಿ ಕೌಂಟರಿನ ಯಂತ್ರಕ್ಕೆ ಒಂದು ವಿಳಾಸವನ್ನು ಕಾಯ್ದಿರಿಸುವುದನ್ನು ಮರೆಯಬೇಡಿ, ಕರೆಂಟ್ ಹೋದಾಗಲೆಲ್ಲ ವಿಳಾಸ ಬದಲಾದರೆ ಇಷ್ಟೆಲ್ಲ ಮಾಡಿಯೂ ವ್ಯರ್ಥ.

ಯಾರೋ ಒಬ್ಬರು ಹಿಂದೆ ಕೇಳಿದ್ದರು: ಸಾಂಬಾ ಎಂಬುದು ಸಾಂಬಸದಾಶಿವನೂ ಅಲ್ಲ, ಸಾಂಬಾರೂ ಅಲ್ಲ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಎಸ್, ಎಂ, ಬಿ ಅಕ್ಷರಗಳು ಇದೇ ಕ್ರಮದಲ್ಲಿ ಬರುವ ಪದವನ್ನು ಕಂಪ್ಯೂಟರಿನ ಪದಪಟ್ಟಿಯಲ್ಲಿ ಹುಡುಕಿದಾಗ ಸಿಕ್ಕ ಹೆಸರು ಅದು.

ಒತ್ತಕ್ಷರ

ಕಲ್ಲುಕೋಟೆಯವರು ಹೇಳಿದ ಮೇಲೆ ಹಂಚಿಕೆಯ ಬಗ್ಗೆ ನಾನು ಹೇಳುವುದೇನೂ ಉಳಿದಿಲ್ಲ. ಆದರೆ ಲಗ್ನಪತ್ರಿಕೆ ಎಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ಫೈಲಿಗೆ ‘ಚಿ|ರಾ|’ ‘ಚಿ|ಸೌ|’ ಎಂದು ಹೆಸರಿಡುವ ಅಭ್ಯಾಸವಿದೆಯೇ? ಆ ನೆಟ್ಟ ಗೆರೆ ಲಿನಕ್ಸ್‌ಗೆ ಒಪ್ಪಿಗೆ, ವಿಂಡೋಸ್‌ಗೆ ನಿಷಿದ್ಧ. ಕೌಂಟರಿನ ಯಂತ್ರದಲ್ಲಿ ಹಾಗೆ ಹೆಸರಿಟ್ಟರೆ ಸಾಂಬಾ ವಿಂಡೋಸ್‌ಗೆ ಅದನ್ನು ಮೊಟಕುಗೊಳಿಸಿ, ನಡುವೆ ಅಲೆಗೆರೆಯಿರುವ ಎಂಟು ಅಕ್ಷರಗಳ ಅರ್ಥವಿಲ್ಲದ ಹೆಸರಾಗಿ ತೋರಿಸುತ್ತದೆ. ಮುಹೂರ್ತವನ್ನು ‘12:30’ ಎಂದು ಬರೆದರೆ ಆ ಕೋಲನ್‌ಗೂ ಅದೇ ಗತಿ. ಚುಕ್ಕೆ ಬಳಸಿ.

ಎರಡನೆಯದು ಉದ್ದ. ಲಿನಕ್ಸ್‌ನ ಎಕ್ಸ್ಟ್4 ಎಂಬ ಡಿಸ್ಕ್ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಯೂನಿಕೋಡ್ ಕನ್ನಡದಲ್ಲಿ ಪ್ರತಿ ಚಿಹ್ನೆಗೂ ಮೂರು ಬೈಟ್ ಹಿಡಿಯುತ್ತದೆ. ‘ಶ್ರೀ’ ಎಂಬುದು ಕಣ್ಣಿಗೆ ಒಂದಕ್ಷರ, ಯಂತ್ರಕ್ಕೆ ಶಕಾರ, ವಿರಾಮ, ರಕಾರ, ದೀರ್ಘ ಎಂದು ನಾಲ್ಕು ಚಿಹ್ನೆ, ಹನ್ನೆರಡು ಬೈಟ್. ಅಂದರೆ ಒಟ್ಟು 85 ಚಿಹ್ನೆಗಳಲ್ಲಿ ಹೆಸರು ಮುಗಿಯಬೇಕು. ವಿಂಡೋಸ್ ಬೈಟ್ ಎಣಿಸದೆ ಚಿಹ್ನೆಗಳನ್ನೇ ಎಣಿಸುವುದರಿಂದ ಅಲ್ಲಿ ನೆಮ್ಮದಿಯಾಗಿದ್ದ ಉದ್ದ ಹೆಸರಿನ ಫೈಲು ಹಂಚಿಕೆಗೆ ನಕಲಾಗುವುದೇ ಇಲ್ಲ. ವಧೂವರರ ಜೊತೆ ಎರಡೂ ಕಡೆಯ ತಂದೆ ತಾಯಿ, ಊರು, ಕಲ್ಯಾಣ ಮಂಟಪ ಎಲ್ಲವನ್ನೂ ಫೈಲಿನ ಹೆಸರಿಗೆ ತುಂಬುವವರು ನಮ್ಮಲ್ಲಿಯೂ ಇದ್ದಾರೆ.

ಇನ್ನೊಂದು: ‘ವಿಎಫ್‌ಎಸ್ ಆಬ್ಜೆಕ್ಟ್ಸ್’ ಎಂಬ ಸಾಲಿನಲ್ಲಿ ‘ರೀಸೈಕಲ್’ ಎಂದು ಬರೆಯಿರಿ. ಹುಡುಗರು ಹಂಚಿಕೆಯ ಮೂಲಕ ಅಳಿಸಿದ್ದು ಒಂದು ಗುಪ್ತ ಫೋಲ್ಡರಿಗೆ ಹೋಗಿ ಕೂರುತ್ತದೆ. ಕೌಂಟರಿನಲ್ಲೇ ಕುಳಿತು ನೀವು ಅಳಿಸಿದ್ದನ್ನು ಮಾತ್ರ ಅದು ಉಳಿಸುವುದಿಲ್ಲ.

ಹಳೇಮೊಳೆ

ಮೂರು ದಿನ ತಡವಾಯಿತು, ಮದುವೆಗಳ ಕಾಲ.

ಡಿಸ್ಕ್ ಈಗ /ಎಸ್‌ಆರ್‌ವಿ/ಕೆಲಸದಲ್ಲಿದೆ. ಆ ಐದಕ್ಷರಗಳ ಕಮಾಂಡ್ ಓಡಿಸಿ ನೋಡಿದೆ, ಕಲ್ಲುಕೋಟೆಯವರು ಹೇಳಿದಂತೆ ಎರಡನೇ ಬಾಗಿಲಿನಲ್ಲಿಯೇ ಅಗುಳಿ ಇತ್ತು. ಮಿಂಟ್ ಮೊದಲ ಸಲಕ್ಕೇ ಒಪ್ಪಿತು. ವಿಂಡೋಸ್ ಒಪ್ಪಲಿಲ್ಲ. 1219 ಎಂಬ ದೋಷ ತೋರಿಸಿತು. ಮಗನಿಗೆ ಫೋನ್ ಮಾಡಿದೆ. ಒಂದೇ ಸರ್ವರಿಗೆ ಒಂದೇ ಹೊತ್ತಿಗೆ ಎರಡು ಹೆಸರಿನಲ್ಲಿ ಹೋಗಲು ವಿಂಡೋಸ್ ಬಿಡುವುದಿಲ್ಲವಂತೆ. ಹಿಂದೆ ‘ಪ್ರೆಸ್’ ಎಂದು ಹೋಗಿದ್ದನ್ನು ಅದು ನೆನಪಿಟ್ಟುಕೊಂಡಿತ್ತು. ‘ನೆಟ್ ಯೂಸ್’ ಕಮಾಂಡಿನಿಂದ ಹಳೆಯ ಸಂಪರ್ಕವನ್ನು ಅಳಿಸಿದ ಮೇಲೆ ತೆರೆಯಿತು.

ಒತ್ತಕ್ಷರದವರೇ, ನಿಮ್ಮ ಮಾತು ಓದಿ ನಗು ಬಂತು, ಆಮೇಲೆ ಹೋಗಿ ನೋಡಿದರೆ ನಗು ನಿಂತಿತು. ನೆಟ್ಟ ಗೆರೆಯಿರುವ ಫೈಲುಗಳು 212 ಇದ್ದವು. ಮೊಳೆ ಜೋಡಿಸುವಾಗ ‘ಚಿ’ ಆದ ಮೇಲೆ ಆ ಗೆರೆಯ ಮೊಳೆ ಇಡುವುದು ಕೈಗೆ ಎಷ್ಟು ಅಂಟಿದೆಯೆಂದರೆ ಫೈಲಿನ ಹೆಸರಿನಲ್ಲೂ ಇಟ್ಟಿದ್ದೇನೆ. ಎಲ್ಲವನ್ನೂ ಚುಕ್ಕೆಗೆ ಬದಲಿಸಿದೆ. ಹುಡುಗನೊಬ್ಬ ಮಂಡಕ್ಕಿ ಮೆಣಸಿನಕಾಯಿ ತಿಂದ ಕೈಯಲ್ಲಿಯೇ ಕೀಲಿಮಣೆ ಒತ್ತಿ ಒಂದು ಫೋಲ್ಡರ್ ಅಳಿಸಿದ. ರೀಸೈಕಲ್ ಆಗಲೇ ಹಾಕಿದ್ದೆ, ಸಿಕ್ಕಿತು.

ಬೆಣ್ಣೆಖಾಲಿಯವರೇ, ನಿಮ್ಮ ಅಂಗಡಿ ಎಲ್ಲಿದೆ ಹೇಳಿ, ನಾನೇ ಬಂದು ಆ ಎನ್‌ಟಿ1 ತೆಗೆಸುತ್ತೇನೆ.

ಈಗ ಉಳಿದಿರುವುದು ವೇಗ. ಒಂದು ಜಿಬಿಯ ಫ್ಲೆಕ್ಸ್ ಫೈಲು ಮಹಡಿಗೆ ಹೋಗಲು ವೈಫೈನಲ್ಲಿ ಚಹಾ ಕುಡಿದು ಬರುವಷ್ಟು ಹೊತ್ತು. ಕೇಬಲ್ ಎಳೆಯಬೇಕೇ?

ಕಲ್ಲುಕೋಟೆ, ಚಿತ್ರದುರ್ಗ

ಎಳೆಯಿರಿ. ಆದರೆ ಮೊದಲು ಯಂತ್ರಗಳ ಕೇಬಲ್ ಕೂಡಿಸುವ ಸ್ವಿಚ್ ಪೆಟ್ಟಿಗೆ ನೋಡಿ. ಹಳೆಯ 100 ಮೆಗಾಬಿಟ್‌ನದಾದರೆ ಸೆಕೆಂಡಿಗೆ ಹೆಚ್ಚೆಂದರೆ 12 ಎಂಬಿ, ಒಂದು ಜಿಬಿಗೆ ಒಂದೂವರೆ ನಿಮಿಷದ ಹತ್ತಿರ. ಗಿಗಾಬಿಟ್ ಆದರೆ ಹತ್ತು ಸೆಕೆಂಡಿನ ಆಸುಪಾಸು. ಲ್ಯಾಪ್‌ಟಾಪ್ ಹಳೆಯದು ಎಂದಿರಿ, ಅದರ ಕೇಬಲ್ ಕಿಂಡಿಯೂ ಗಿಗಾಬಿಟ್‌ನದೇ ಎಂದು ಖಚಿತಪಡಿಸಿಕೊಳ್ಳಿ.

ಹಳೇಮೊಳೆ

ಸ್ವಿಚ್ 100ರದ್ದೇ. ಲ್ಯಾಪ್‌ಟಾಪ್ ಗಿಗಾಬಿಟ್. ಹೊಸ ಸ್ವಿಚ್‌ಗೆ ಹೇಳಿದ್ದೇನೆ. ಭಾನುವಾರ ಅಂಗಡಿ ಮುಚ್ಚಿದಾಗ ಕೇಬಲ್ ಎಳೆಯುತ್ತೇವೆ, ಅಳತೆ ಹಿಡಿದಾಗಿದೆ, ಮೆಟ್ಟಿಲ ಪಕ್ಕದಿಂದ 18 ಮೀಟರ್.