ಸಂಘದ ಕಪಾಟಿಗೆ 5ರಿಂದ 8ನೇ ತರಗತಿ ಮಕ್ಕಳ ಕಥೆ-ಕಾದಂಬರಿ: ಯಾವುದು, ಎಷ್ಟು?

ಡೊಂಬಿವಲಿ_ಕಪಾಟು

ನಮಸ್ಕಾರ ಎಲ್ಲರಿಗೂ. ಭಾನುವಾರದ ಕನ್ನಡ ತರಗತಿಗೆ ಬರುವ ಮಕ್ಕಳಿಗಾಗಿ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಸಂಘದ ಕೋಣೆಯಲ್ಲಿ ಒಂದು ಪುಸ್ತಕದ ಕಪಾಟು ಶುರು ಮಾಡುತ್ತಿದ್ದೇವೆ. ಐದರಿಂದ ಎಂಟನೇ ತರಗತಿಯವರು, ಇಪ್ಪತ್ತೈದು ಜನ. ಎಲ್ಲರೂ ಇಂಗ್ಲಿಷ್ ಮೀಡಿಯಂ, ಶಾಲೆಯಲ್ಲಿ ಮರಾಠಿಯೂ ಇದೆ. ಮನೆಯಲ್ಲಿ ಕನ್ನಡ ಇಲ್ಲವೇ ತುಳು. ಕನ್ನಡ ಅಕ್ಷರ ಬರುತ್ತದೆ, ವೇಗ ಇಲ್ಲ.

ಈಗಿರುವುದೆಲ್ಲ ದಾನವಾಗಿ ಬಂದ ಪುಸ್ತಕ: ನೀತಿಕಥೆ, ಮಹಾಪುರುಷರ ಚರಿತ್ರೆ, ದೊಡ್ಡವರ ಕಾದಂಬರಿ. ಮಕ್ಕಳು ಮುಟ್ಟುವುದಿಲ್ಲ. ಹತ್ತು ಸಾವಿರ ರೂಪಾಯಿ ಇದೆ, ನಲವತ್ತು ಪುಸ್ತಕ ಕೊಳ್ಳುವ ಅಂದಾಜು. ಖುಷಿಗೆ ಓದುವಂಥದ್ದೇ ಬೇಕು. ಪತ್ತೇದಾರಿ, ಸಾಹಸ, ಮಾಯಾಲೋಕ, ವಿಜ್ಞಾನ ಕಥೆ, ನಗೆ, ಚರಿತ್ರೆ, ದೆವ್ವ... ಯಾವುದಕ್ಕೆ ಎಷ್ಟು ಪಾಲು? ಕನ್ನಡ, ಇಂಗ್ಲಿಷ್, ಮರಾಠಿ ಹೇಗೆ ಹಂಚಲಿ? ಹೆಸರು ಹೇಳಿದರೆ ಒಳ್ಳೆಯದು, ಯಾಕೆ ಅಂತ ಹೇಳಿದರೆ ಇನ್ನೂ ಒಳ್ಳೆಯದು.

---

ಕೊಥ್ರೂಡ್_ಗ್ರಂಥಪಾಲಕಿ

ಪಟ್ಟಿ ಮಾಡುವ ಮೊದಲು ಮಕ್ಕಳ ಓದು ಎಲ್ಲಿದೆ ನೋಡಿಕೊಳ್ಳಿ ಸರ್. ತರಗತಿಯ ಸಂಖ್ಯೆ ನಂಬಬೇಡಿ. ಏಳನೆಯವಳು ಇಂಗ್ಲಿಷಿನಲ್ಲಿ ಮುನ್ನೂರು ಪುಟ ಓದಬಹುದು, ಕನ್ನಡದಲ್ಲಿ ಅವಳಿಗೆ ಆರು ಪುಟವೇ ಭಾರ.

ಪುಸ್ತಕದ ನಡುವಿನ ಒಂದು ಪುಟ ತೆಗೆದು ಓದಲು ಕೊಡಿ. ಗೊತ್ತಿಲ್ಲದ ಪ್ರತಿ ಪದಕ್ಕೆ ಮಗು ಒಂದು ಬೆರಳು ಮಡಚಲಿ. ಎರಡು-ಮೂರು ಬೆರಳಾದರೆ ಸರಿಯಾದ ಪುಸ್ತಕ, ಐದು ಮಡಚಿದರೆ ಸದ್ಯಕ್ಕೆ ಬೇಡ. ಕನ್ನಡಕ್ಕೆ ಇದೇ ಪರೀಕ್ಷೆಯನ್ನು ಸ್ವಲ್ಪ ತಿದ್ದಬೇಕು. ನಿಮ್ಮ ಮಕ್ಕಳು ಎಷ್ಟೋ ಪದ ಕಿವಿಯಲ್ಲಿ ಬಲ್ಲರು, ಒತ್ತಕ್ಷರ ಮತ್ತು ಸಂಧಿಯಾದ ಉದ್ದ ಪದ ಕಣ್ಣಿಗೆ ಬಿದ್ದಾಗ ತಡವರಿಸುತ್ತಾರೆ. ಮಗು ನಿಂತಲ್ಲಿ ನೀವು ಆ ಪದ ಓದಿ ಹೇಳಿ. ಕೇಳಿದ ಕೂಡಲೇ ಅರ್ಥವಾದರೆ ಆ ಬೆರಳು ಬಿಡಿಸಿ. ಆಮೇಲೂ ನಾಲ್ಕೈದು ಉಳಿದರೆ ಭಾಷೆಯೇ ಮೇಲಿನದು. ಉಳಿಯದಿದ್ದರೆ ಅಕ್ಷರದ ತೊಡಕು ಮಾತ್ರ, ಮೊದಲ ಅಧ್ಯಾಯ ನೀವೇ ಓದಿ ಹೇಳಿದರೆ ಮುಂದಿನದು ಸಾಗುತ್ತದೆ.

ಇನ್ನೊಂದು ಲೆಕ್ಕ. ಪುಟಕ್ಕೆ ನಾಲ್ಕು ನಿಮಿಷ ಹಿಡಿಯುವ ಮಗುವಿಗೆ 150 ಪುಟದ ಕಾದಂಬರಿ ಅಂದರೆ ಹತ್ತು ಗಂಟೆ. ದಿನಕ್ಕೆ ಇಪ್ಪತ್ತು ನಿಮಿಷ ಓದಿದರೂ ಒಂದು ತಿಂಗಳು, ಅಷ್ಟರಲ್ಲಿ ಮೊದಲಿನ ಪಾತ್ರಗಳೇ ಮರೆತಿರುತ್ತವೆ. ಆದ್ದರಿಂದ ಕನ್ನಡದಲ್ಲಿ ಬಿಡಿ ಕಥೆ ಅಥವಾ ಐದಾರು ಪುಟದ ಅಧ್ಯಾಯಗಳ ಪುಸ್ತಕ, ಇಂಗ್ಲಿಷಿನಲ್ಲಿ ಉದ್ದನೆಯ ಕಾದಂಬರಿ, ಹೀಗೆ ಹಂಚಿ. ನಲವತ್ತರಲ್ಲಿ ಕನ್ನಡ 18, ಇಂಗ್ಲಿಷ್ 16, ಮರಾಠಿ 6. ಪ್ರಕಾರದ ಲೆಕ್ಕದಲ್ಲಿ ಸಾಹಸ-ಪತ್ತೇದಾರಿ 14, ನಗೆ 8, ಮಾಯಾಲೋಕ ಮತ್ತು ವಿಜ್ಞಾನ 8, ಶಾಲೆ-ಮನೆ-ಗೆಳೆತನ 6, ಚರಿತ್ರೆ 4. ನಗೆಗೆ ಇಷ್ಟು ಪಾಲು ಯಾಕೆಂದರೆ ಓದಲು ಒಲ್ಲದ ಮಗು ಮೊದಲು ಕೈಹಾಕುವುದು ಅಲ್ಲಿಗೇ. ‘ಡೈರಿ ಆಫ್ ಎ ವಿಂಪಿ ಕಿಡ್’ ಬರೀ ಚಿತ್ರ ಅಂತ ಪೋಷಕರು ಮೂಗು ಮುರಿಯುತ್ತಾರೆ. ಮುರಿಯಲಿ, ಎರಡು ಪ್ರತಿ ಇಡಿ.

ಸರಣಿ ಕೊಳ್ಳುವಾಗ ದುಡ್ಡು ಪೋಲಾಗುವುದು ಹೆಚ್ಚು. ಪೂರ್ತಿ ಸೆಟ್ಟು ತರಬೇಡಿ. ಮೊದಲನೆಯದು ಎರಡು ಪ್ರತಿ, ಎರಡನೆಯದು ಒಂದು ಪ್ರತಿ ತನ್ನಿ. ಮೂರನೆಯದನ್ನು ಮಕ್ಕಳು ಕೇಳಿದ ಮೇಲೆ ತಂದರಾಯಿತು. ‘ಹ್ಯಾರಿ ಪಾಟರ್’ ಮೊದಲ ಮೂರು ಆರನೆಯವರಿಗೆ ಹೊಂದುತ್ತವೆ. ಬ್ರಿಟಿಷ್ ಆವೃತ್ತಿಯಲ್ಲಿ ಮೂರನೆಯದು 317 ಪುಟ, ನಾಲ್ಕನೆಯದು 636. ಗಾತ್ರ ಇಮ್ಮಡಿಯಾಗುವುದರ ಜೊತೆಗೆ ಒಬ್ಬ ವಿದ್ಯಾರ್ಥಿಯ ಸಾವೂ ಅದರಲ್ಲಿದೆ. ನಾಲ್ಕರಿಂದ ಮುಂದಿನದು ಎಂಟನೆಯವರ ಸಾಲಿಗೆ.

ನಿಧಾನ ಓದುವ ದೊಡ್ಡ ಮಕ್ಕಳಿಗೆ ಲೂಯಿಸ್ ಸಚಾರ್ ಅವರ ‘ಹೋಲ್ಸ್’ (1998). ಮಾಡದ ಕಳ್ಳತನಕ್ಕೆ ಶಿಬಿರ ಸೇರಿದ ಹುಡುಗ ದಿನವೂ ಐದಡಿ ಆಳ, ಐದಡಿ ಅಗಲದ ಗುಂಡಿ ತೋಡಬೇಕು. ಐವತ್ತು ಪುಟ್ಟ ಅಧ್ಯಾಯ, ಸರಳ ವಾಕ್ಯ, ಆದರೆ ಕಥೆ ಎಳಸಲ್ಲ. ಹದಿಮೂರು ವರ್ಷದ ಹುಡುಗನ ಕೈಗೆ ಎಂಟು ವರ್ಷದವರ ಪುಸ್ತಕ ಕೊಟ್ಟರೆ ಅವಮಾನವಾಗುತ್ತದೆ, ಆ ಜಾಗ ತುಂಬುವ ಪುಸ್ತಕಗಳು ಕಡಿಮೆ.

---

ಮಾಟುಂಗಾ_ಪುಟ

ಇಂಗ್ಲಿಷ್ ಭಾಗ ಮೇಡಂ ಹೇಳಿದ್ದು ಸರಿ ಉಂಟು. ಕನ್ನಡದ್ದು ನಾನು ಹೇಳ್ತೇನೆ.

ತೇಜಸ್ವಿ ಅಂದ ಕೂಡಲೇ ಎಲ್ಲರೂ ‘ಕರ್ವಾಲೋ’ (1980) ತಂದು ಮಕ್ಕಳ ಕೈಗೆ ಕೊಡುದು. ಹಾರುವ ಓತಿ ಹುಡುಕುವ ಕಥೆ ಅಂತ ಹೇಳಿ ಆಸೆ ಹುಟ್ಟಿಸ್ತಾರೆ. ಓತಿಯ ಬೆನ್ನು ಹತ್ತಿ ಕಾಡಿಗೆ ಹೋಗುದು ಎಷ್ಟೋ ಪುಟ ಆದ ಮೇಲೆ. ಅದಕ್ಕೂ ಮೊದಲು ಜೇನು, ಗದ್ದೆ, ಮಂದಣ್ಣನ ಮದುವೆಯ ತಾಪತ್ರಯ. ದೊಡ್ಡವರಿಗೆ ರುಚಿಯೇ ಅಲ್ಲಿರುದು, ಹನ್ನೊಂದರ ಹುಡುಗ ಮಾತ್ರ ಓತಿ ಎಲ್ಲಿ ಅಂತ ಕೇಳ್ತಾನೆ. ಮೊದಲು ‘ಪರಿಸರದ ಕಥೆ’ (1991) ಕೊಡಿ. ಬಿಡಿ ಬಿಡಿ ಪ್ರಸಂಗ, ನಾಯಿ ಉಂಟು, ಬೇಟೆ ಉಂಟು, ನಗೆ ಧಾರಾಳ. ಅಲ್ಲಿ ಕಿವಿಯ ಪರಿಚಯ ಆಯ್ತು ಅಂದ್ರೆ ಎಂಟನೆಯಲ್ಲಿ ‘ಕರ್ವಾಲೋ’ ತಾನಾಗಿ ಹಿಡಿಸ್ತದೆ. ಕಿವಿ ಅಂದ್ರೆ ಅವರ ನಾಯಿ ಮಾರಾಯ್ರೆ, ನಮ್ಮ ಕಿವಿ ಅಲ್ಲ.

ಬೇಟೆಗಾರ ಕೆನೆತ್ ಆಂಡರ್ಸನ್ ಅನುಭವಗಳನ್ನು ತೇಜಸ್ವಿ ಕನ್ನಡಕ್ಕೆ ತಂದ ‘ಕಾಡಿನ ಕತೆಗಳು’ ನಾಲ್ಕು ಭಾಗ ಉಂಟು. ಪ್ರಕಾರದ ಲೆಕ್ಕಕ್ಕೆ ಕಾದಂಬರಿ ಅಲ್ಲ, ಮಕ್ಕಳಿಗೆ ಆ ವ್ಯತ್ಯಾಸ ಬೇಕಾಗಿಯೂ ಇಲ್ಲ. ‘ಜಾಲಹಳ್ಳಿಯ ಕುರ್ಕ’ ಭಾಗದಿಂದ ಶುರು ಮಾಡಿ. ನರಭಕ್ಷಕ ತಿಂದು ಬಿಟ್ಟ ಹೆಣದ ವಿವರ ಕೆಲವು ಕಡೆ ನೇರವಾಗಿ ಬರ್ತದೆ, ಐದನೆಯವರಿಗೆ ಬೇಡ, ಏಳರಿಂದ ಮೇಲೆ.

ಮಕ್ಕಳಿಗಾಗಿಯೇ ಬರೆದ ಕಾದಂಬರಿ ಬೇಕಂದ್ರೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರದ ಪಟ್ಟಿ ನೋಡಿ. ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ (2011ರ ಪುರಸ್ಕಾರ), ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ (2021), ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ (2022), ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ (2023). ಆದ್ರೆ ಆ ಪಟ್ಟಿಯಲ್ಲಿ ಪದ್ಯ, ಜೀವನಚರಿತ್ರೆಯೂ ಇರ್ತದೆ, ಮುಖಪುಟ ನೋಡಿ ಕಾದಂಬರಿ ಅಂತ ತಿಳ್ಕೊಂಡು ಆರ್ಡರ್ ಮಾಡ್ಬೇಡಿ. ಇವುಗಳ ಹಿನ್ನೆಲೆ ಹೆಚ್ಚಾಗಿ ಊರಿನದ್ದು. ಡೊಂಬಿವಲಿಯ ಫ್ಲಾಟಿನಲ್ಲಿ ಬೆಳೆದವನಿಗೆ ಕೊಟ್ಟಿಗೆ, ಅಂಕಣದ ಮನೆ, ಮುಳುಗಡೆ ಗೊತ್ತಿರುದಿಲ್ಲ. ಕೊಡುವ ಮೊದಲು ಎರಡು ನಿಮಿಷ ಹೇಳಿ, ಲಿಂಗನಮಕ್ಕಿಗೆ ಅಣೆಕಟ್ಟು ಕಟ್ಟಿದಾಗ ಶರಾವತಿ ಕಣಿವೆಯ ಊರುಗಳು ನೀರಿನಡಿಗೆ ಹೋದವು ಅಂತ.

ಸಂಕ್ಷಿಪ್ತ ಆವೃತ್ತಿ ಬಗ್ಗೆ ಹುಷಾರು. ಮುಂಬಯಿಯ ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಿ, ಫೌಂಟನ್ ಹತ್ತಿರ ಹಳೆ ಇಂಗ್ಲಿಷ್ ಕ್ಲಾಸಿಕ್ ಅಗ್ಗಕ್ಕೆ ಸಿಗ್ತದೆ, ಹೆಚ್ಚಿನವು ಕೊಚ್ಚಿ ಕುಗ್ಗಿಸಿದ್ದು. ಅಧ್ಯಾಯ ಎಣಿಸಿ. ಜೂಲ್ಸ್ ವರ್ನ್‌ನ ಎಂಬತ್ತು ದಿನದ ವಿಶ್ವಪ್ರದಕ್ಷಿಣೆಗೆ 37 ಇರ್ಬೇಕು, ‘ಟ್ರೆಷರ್ ಐಲ್ಯಾಂಡ್’ಗೆ 34. ಹನ್ನೆರಡು-ಹದಿನೈದು ಕಂಡ್ರೆ ಅಲ್ಲೇ ಇಟ್ಟು ಬನ್ನಿ. ಕುಗ್ಗಿಸುವಾಗ ಮೊದಲು ಹೋಗುದು ಮಾತುಕತೆ ಮತ್ತು ತಮಾಷೆ, ಉಳಿಯುದು ಬರೀ ಘಟನೆಗಳ ಪಟ್ಟಿ. ವರ್ನ್‌ನ ಹತ್ತನೇ ಅಧ್ಯಾಯ ನಮ್ಮ ಮುಂಬಯಿದೇ: ಆಳು ಪಾಸ್‌ಪಾರ್ಟೂ ಮಲಬಾರ್ ಹಿಲ್ಲಿನ ದೇವಸ್ಥಾನಕ್ಕೆ ಬೂಟು ಹಾಕ್ಕೊಂಡೇ ಹೋಗಿ ಪೆಟ್ಟು ತಿಂತಾನೆ. ಮುಂದಿನ ಅಧ್ಯಾಯದಲ್ಲಿ ರೈಲು ಹಳಿ ಮುಗಿದು ಎರಡು ಸಾವಿರ ಪೌಂಡಿಗೆ ಆನೆ ಖರೀದಿ. ಈ ಎರಡು ಅಧ್ಯಾಯ ಗಟ್ಟಿಯಾಗಿ ಓದಿ ಹೇಳಿ ಪುಸ್ತಕ ಮುಚ್ಚಿ ಇಡಿ, ಕೇಳ್ಕೊಂಡು ಬರ್ತಾರೆ.

ಕನ್ನಡ ಪತ್ತೇದಾರಿಯಲ್ಲಿ ಎನ್. ನರಸಿಂಹಯ್ಯನವರ ಹೆಸರು ಯಾರಾದ್ರೂ ಹೇಳ್ತಾರೆ. ನಮ್ಮ ಹಿರಿಯರಿಗೆ ಓದು ಹಚ್ಚಿದ್ದು ಅವರೇ ಹೌದು, ಆದ್ರೆ ಈಗಿನ ಮಕ್ಕಳಿಗೆ ಆ ಕಾಲ, ಆ ಭಾಷೆ ದೂರ. ಈ ವಯಸ್ಸಿಗೆ ಸತ್ಯಜಿತ್ ರಾಯ್ ಅವರ ಪತ್ತೇದಾರ ಫೆಲುದಾನ ಕಥೆಗಳು ಸಾಕು. 1965ರಲ್ಲಿ ಮಕ್ಕಳ ಪತ್ರಿಕೆಗೇ ಬರೆಯಲು ಶುರು ಮಾಡಿದ್ದು, ಹಾಗಾಗಿ ದೊಡ್ಡವರ ಸಂಗತಿ ಬರುದಿಲ್ಲ, ಕಥೆ ಹೇಳುವವನೂ ಹುಡುಗ. ಒಂದು ಎಲ್ಲೋರಾದಲ್ಲಿ ನಡೀತದೆ, ಇನ್ನೊಂದು ಬೊಂಬಾಯಿಯಲ್ಲಿ. ಎರಡು ಸಂಪುಟದ ದಪ್ಪ ಸಮಗ್ರ ಬೇಡ. ಒಂದು ಪುಸ್ತಕ ಒಬ್ಬನ ಕೈಯಲ್ಲಿ ಸಿಕ್ಕಿಬಿದ್ರೆ ಉಳಿದವರಿಗೆ ಇಲ್ಲ. ತೆಳು ಬಿಡಿ ಪುಸ್ತಕ ತನ್ನಿ.

ಷರ್ಲಾಕ್ ಹೋಮ್ಸ್ ಕೊಡುದಾದ್ರೆ ಸಣ್ಣ ಕಥೆಗಳಿಂದ. ‘ರೆಡ್ ಹೆಡೆಡ್ ಲೀಗ್’, ‘ಸ್ಪೆಕಲ್ಡ್ ಬ್ಯಾಂಡ್’ ಮೊದಲು. ‘ಎ ಸ್ಟಡಿ ಇನ್ ಸ್ಕಾರ್ಲೆಟ್’ ಅರ್ಧಕ್ಕೆ ಕಥೆ ಅಮೆರಿಕಕ್ಕೆ ಹಾರ್ತದೆ, ಮಕ್ಕಳು ಅಲ್ಲೇ ಬಿಡ್ತಾರೆ.

---

ವಾಸ್ಕೋ_ಮಾಸ್ತರ

ಕೊಥ್ರೂಡ್ ಬಾಯಿಯವರ ಬೆರಳಿನ ಲೆಕ್ಕ ಛಲೋ ಐತಿ. ಆದರ ಎಲ್ಲಾರ ಮುಂದ ಮಾಡಬ್ಯಾಡ್ರಿ. ಹುಡುಗರು ಬೆರಳು ಮುಚ್ಚಿಟ್ಕೊಂಡು ಕೂಡತಾವ. ಒಬ್ಬೊಬ್ಬರನ್ನ ಕರೆದು ಮಾಡ್ರಿ, ರಿಜಿಸ್ಟರದಾಗ ಬರೀಬ್ಯಾಡ್ರಿ.

ಗೋವಾದಾಗ ನಮ್ಮ ವಿಜಾಪುರ, ಬಾಗಲಕೋಟಿ ಕಡೆ ಮಂದಿಯ ಮಕ್ಕಳದು ಬ್ಯಾರೆ ಸಮಸ್ಯಾ: ಮಾತು ಭರ್ಜರಿ, ಅಕ್ಷರ ಇಲ್ಲ. ಅಂಥವ್ರಿಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣ ನೋಡ್ರಿ. ಕನ್ನಡದಾಗೂ ಅದ, ಪುಕ್ಕಟೆ ಇಳಿಸಿಕೊಂಡು ಮುದ್ರಿಸಬಹುದು. ನಾಲ್ಕು ಹಂತ. ಮೂರನೇದಕ್ಕ 600ರಿಂದ 1500 ಶಬ್ದ, ನಾಲ್ಕನೇದಕ್ಕ ಅದಕ್ಕೂ ಹೆಚ್ಚು. ನಿಮ್ಮ ಮಕ್ಕಳಿಗೆ ಅಕ್ಷರ ಬರತಾವಲ್ಲಾ, ವಯಸ್ಸು ಹನ್ನೆರಡಾದರೂ ಕನ್ನಡಕ್ಕ ಮೂರನೇ ಹಂತದಿಂದ ಸುರು ಮಾಡ್ರಿ. ಭಾಳ ಎಳೇ ಚಿತ್ರ ಇದ್ದದ್ದು ಮಾತ್ರ ಆರಿಸಿ ತಗೀರಿ. ಒಂದ ಕಥಿ ಕನ್ನಡ, ಇಂಗ್ಲಿಷ್ ಎರಡೂ ಮುದ್ರಿಸಿ ಜೋಡಿಲೇ ಇಟ್ಟರ ಹುಡುಗರು ತಾವ ತಾಳೆ ನೋಡ್ತಾವ.

ಮರಾಠಿಗೆ ಆರ ಪುಸ್ತಕ ಅಂದ್ರಲ್ಲಾ, ಅದರಾಗ ಮೂರು ಭಾ. ರಾ. ಭಾಗವತರ ‘ಫಾಸ್ಟರ್ ಫೇಣೆ’ ಇರಲಿ. ಪುಣೆ ಹತ್ರ ಫುರಸುಂಗಿಯ ಹುಡುಗ, ಸೈಕಲ್ ಮ್ಯಾಲೆ ತಿರುಗಿ ಕಳ್ಳರ ಹಿಡಿಯಾಂವ, ತಲೆಗೆ ಏನರ ಹೊಳೀತಂದ್ರ ‘ಟ್ಟಾಕ್’ ಅಂತಾನ. ಪುಣೆಯ ಅಪ್ಪಾ ಬಳವಂತ ಚೌಕದಾಗ ಸಿಗತಾವ. ಎಂಟನೆಯವರಿಗೆ ಜಯಂತ ನಾರಳೀಕರರ ವಿಜ್ಞಾನ ಕಥಿ, ‘ಯಕ್ಷಾಂಚಿ ದೇಣಗಿ’ (1979) ಒಂದು ಸಾಕು. ಬಿಡಿ ಕಥಿ, ವಿಜ್ಞಾನ ಖರೇದು.

ಕನ್ನಡ ಪುಸ್ತಕ ಧಾರವಾಡ, ಬೆಂಗಳೂರಿಂದ ತರಸೂದಾದರ ಅಂಚೆಯ ‘ಜ್ಞಾನ ಪೋಸ್ಟ್’ ಅಂತ ಹೇಳ್ರಿ. 2025ರ ಮೇ 1ಕ್ಕ ಸುರು ಆಗೇತಿ. 300 ಗ್ರಾಮಿಗೆ 20 ರೂಪಾಯಿ, 5 ಕಿಲೋಕ್ಕ 100, ಮ್ಯಾಲೆ ತೆರಿಗಿ. ಎಲ್ಲಾ ಒಂದ ಕಟ್ಟಿನಾಗ ತರಸಿದರ ಕಿಲೋಕ್ಕ 20ರಂಗ ಬೀಳತದ. ನೆಲದ ಮ್ಯಾಲಿನ ಸಾಗಾಟ, ಅವಸರ ಮಾಡಬಾರದು. ಪುಸ್ತಕದ ಮ್ಯಾಲೆ ಮುದ್ರಕರು ಇಲ್ಲಾ ಪ್ರಕಾಶಕರ ಹೆಸರು ಇರಬೇಕು. ಮಾಸಪತ್ರಿಕೆ ಅದರಾಗ ನಡಿಯೂದಿಲ್ಲ.

---

ಡೊಂಬಿವಲಿ_ಕಪಾಟು

ತುಂಬಾ ಉಪಕಾರ. ಎರಡು ಪ್ರಶ್ನೆ ಉಳಿದವು. ಎಲ್ಲರೂ ದೆವ್ವದ ಕಥೆ ಕೇಳುತ್ತಾರೆ, ಕೊಡಬಹುದಾ? ಮತ್ತೆ, ಎಲ್ಲ ಪುಸ್ತಕವನ್ನೂ ನಾನೇ ಪೂರ್ತಿ ಓದಿ ಪಾಸ್ ಮಾಡುವುದು ಸಾಧ್ಯವಿಲ್ಲ. ಅಡ್ಡದಾರಿ ಇದೆಯೇ?

---

ಕೊಥ್ರೂಡ್_ಗ್ರಂಥಪಾಲಕಿ

ದೆವ್ವ ಕೊಡಿ. ನೋಡಬೇಕಾದ್ದು ಕೊನೆ. ಹೆದರಿಕೆಯ ಕಾರಣ ಕಥೆಯೊಳಗೇ ಬಗೆಹರಿದರೆ ಅಥವಾ ನಗೆಯಾಗಿ ತಿರುಗಿದರೆ ಹತ್ತು ವರ್ಷದವರಿಗೂ ಆಗುತ್ತದೆ. ಭೂತ ಮಲಗುವ ಕೋಣೆಯಲ್ಲೇ ಉಳಿದು ಕಥೆ ಮುಗಿದರೆ ರಾತ್ರಿ ಅಮ್ಮಂದಿರ ಫೋನು ನಿಮಗೆ ಬರುತ್ತದೆ. ಹಿಂಸೆ ದೇಹದ ವಿವರಕ್ಕೆ ಇಳಿದರೆ ಎಂಟನೆಯ ನಂತರ.

ಅಡ್ಡದಾರಿ ಇದೆ: ಮೊದಲ ಅಧ್ಯಾಯ, ನಡುವಿನ ಇಪ್ಪತ್ತು ಪುಟ, ಕೊನೆಯ ಎರಡು ಅಧ್ಯಾಯ. ಸಾವು, ಹೊಡೆತ, ಪ್ರೇಮ, ಜಾತಿ ಅಥವಾ ಬಣ್ಣದ ಬೈಗುಳ ಇದ್ದರೆ ಸಾಮಾನ್ಯವಾಗಿ ಅಷ್ಟರಲ್ಲಿ ಸುಳಿವು ಸಿಗುತ್ತದೆ. ಹಳೆಯ ಸಾಹಸ ಕಥೆಗಳಲ್ಲಿ ಬೈಗುಳ ಹೆಚ್ಚು, ಅದಕ್ಕೇ ಕ್ಲಾಸಿಕ್ ಅಂದ ಮಾತ್ರಕ್ಕೆ ಬಿಡಬೇಡಿ. ಸಿಕ್ಕಿದ್ದನ್ನು ಪೆನ್ಸಿಲಿನಲ್ಲಿ ಕೊನೆಯ ಹಾಳೆಯ ಒಳಗೆ ಎರಡು ಸಾಲು ಬರೆದಿಡಿ, ಮುಂದೆ ಕಪಾಟು ನೋಡಿಕೊಳ್ಳುವವರಿಗೆ ಉಪಯೋಗ. ಪ್ರೇಮ ಇದ್ದಮಾತ್ರಕ್ಕೆ ಬೇಡ ಅನ್ನಬೇಡಿ. ಎಂಟನೆಯ ಹುಡುಗಿಯರು ಅದನ್ನೇ ಬೇರೆಲ್ಲಾದರೂ ಹುಡುಕಿಕೊಳ್ಳುತ್ತಾರೆ. ಗೆಳೆತನ, ಮುಖದ ರೂಪ, ಗುಂಪಿನಿಂದ ಹೊರಗಿಡುವುದು ಇವುಗಳಿಗೆ ‘ವಂಡರ್’ (2012) ಒಳ್ಳೆಯದು. ಪಾತ್ರಗಳು ಸರದಿಯಲ್ಲಿ ಕಥೆ ಹೇಳುತ್ತವೆ, ಅಧ್ಯಾಯ ಒಂದೆರಡು ಪುಟದ್ದು.

---

ಮಾಟುಂಗಾ_ಪುಟ

ಒಂದು ಮರ್ತಿದ್ದೆ. ದುಡ್ಡು ಒಂದೇ ಸಲ ಖಾಲಿ ಮಾಡ್ಬೇಡಿ. ಆರು ಸಾವಿರಕ್ಕೆ ಇಪ್ಪತ್ತೈದು ಪುಸ್ತಕ ಈಗ, ಉಳಿದದ್ದು ಮೂರು ತಿಂಗಳ ನಂತರ, ಯಾವುದು ಎಷ್ಟು ಸಲ ಹೋಯ್ತು ನೋಡಿಕೊಂಡು. ಮತ್ತೆ ದಯವಿಟ್ಟು ಖಾಕಿ ಕಾಗದದ ರಟ್ಟು ಹಾಕ್ಬೇಡಿ. ಮಕ್ಕಳು ಆರಿಸುದು ಮುಖಪುಟ ಮತ್ತು ಹಿಂಬದಿಯ ನಾಲ್ಕು ಸಾಲು ನೋಡಿ, ಎರಡೂ ಮುಚ್ಚಿದ್ರೆ ಎಲ್ಲಾ ಪುಸ್ತಕವೂ ಪಾಠಪುಸ್ತಕವೇ. ಪಾರದರ್ಶಕ ಪ್ಲಾಸ್ಟಿಕ್ ಹಾಕಿ. ಸಂಘದ ಸೀಲು ಒಳಗೆ. ಕಪಾಟಿನಲ್ಲಿ ಏಳೆಂಟು ಪುಸ್ತಕ ಮುಖ ಹೊರಗೆ ಮಾಡಿ ನಿಲ್ಲಿಸಿ, ವಾರ ವಾರ ಅವನ್ನು ಬದಲಿಸಿ.